ಈ ಸಲ ತಟ್ಟೆಯಲ್ಲಿ ಮೂರೇ ಬಗೆ

ಬಂಟ್ವಾಳ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಗಂಡ ದುಬೈಯಲ್ಲಿ 11 ವರ್ಷ ದುಡಿದವರು. ಸೆಪ್ಟೆಂಬರಿನಲ್ಲಿ ಕೆಲಸ ಹೋಗಿ ಊರಿಗೆ ಬಂದಿದ್ದಾರೆ. ಕಂಪನಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಮನೆ ಸಾಲದ ಕಂತು ನಿಂತಿಲ್ಲ. ಓದುಗರು ಕೇಳಿದ್ದು ಇಷ್ಟು (ಕುಸ್ವಾರ್ ಅಂದರೆ ಕ್ರಿಸ್‌ಮಸ್‌ಗೆ ಮನೆಮನೆಗೆ ಹಂಚುವ ತಿಂಡಿಗಳು): "ಪ್ರತಿ ಕ್ರಿಸ್‌ಮಸ್‌ಗೆ 22 ಮನೆಗೆ ಕುಸ್ವಾರ್ ಕೊಡುತ್ತೇವೆ. ಈ ಸಲ ನಿಲ್ಲಿಸಿದರೆ ಜನ ಏನೆಂದುಕೊಳ್ಳುತ್ತಾರೆ? ಅತ್ತೆ ತಮ್ಮ ಬಳೆ ಅಡವಿಟ್ಟಾದರೂ ಹಬ್ಬ ಮಾಡೋಣ ಅನ್ನುತ್ತಾರೆ. ಇವರು ರಾತ್ರಿ ಪೂಜೆಗೇ ಬರುವುದಿಲ್ಲವಂತೆ. ಎಂಟನೇ ಮತ್ತು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅಪ್ಪ ರಜೆಯಲ್ಲಿ ಬಂದಿದ್ದಾರೆ ಎಂದೇ ಹೇಳಿದ್ದೇವೆ. ಏನು ಮಾಡಲಿ?"

ಪ್ರಿಯ ಸೋದರಿ,

ಮೊದಲೇ ಹೇಳಿಬಿಡುತ್ತೇನೆ, ನಾನು ಕುಸ್ವಾರ್ ಮಾಡುವ ಮನೆಯವನಲ್ಲ, ತಿನ್ನುವ ಮನೆಯವನು. ನಮ್ಮ ಬೇಲಿಯಾಚೆ ಬಾಯಮ್ಮನ ಮನೆ. ಡಿಸೆಂಬರ್ 25ರ ಬೆಳಿಗ್ಗೆ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ ಬರುತ್ತಿತ್ತು. ನಾವು ಮಕ್ಕಳು ಏಳು ಗಂಟೆಯಿಂದಲೇ ಗೇಟಿನ ಹತ್ತಿರ ಸುಮ್ನೆ ಏನೋ ಕೆಲಸ ಇದ್ದವರ ಹಾಗೆ ಓಡಾಡುತ್ತಿದ್ದೆವು. ಹಾಗಾಗಿ "ಜನ ಏನೆಂದುಕೊಳ್ಳುತ್ತಾರೆ" ಎಂಬ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ನನಗಿದೆ. ನೀವು ಹೆದರುವ ಆ ಜನ ನಾನೇ.

1990ರ ಮಾತು. ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರು ವಾಪಸ್ ಬರಬೇಕಾಯಿತು. ಹೆಚ್ಚಿನವರು ಜೋರ್ಡಾನಿನ ಅಮ್ಮಾನ್ ತನಕ ಬಸ್ಸಿನಲ್ಲಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. ನಮ್ಮ ಕರಾವಳಿಯವರೂ ಅದರಲ್ಲಿ ತುಂಬ ಜನ. ಬಾಯಮ್ಮನ ಮಗನೂ ಬಂದ. ಹಿಂದಿನ ಸಲ ಬಂದಾಗ ಟ್ಯಾಂಗ್, ನಿಡೊ ಡಬ್ಬ, ಟೈಗರ್ ಬಾಮ್ ಅಂತ ಊರಿಗೆಲ್ಲ ಹಂಚಿದವನು, ಈ ಸಲ ಒಂದು ಚೀಲ ಹಿಡಿದು ಬಸ್ಸಿಳಿದ. ದುಡ್ಡೆಲ್ಲ ಅಲ್ಲಿನ ಬ್ಯಾಂಕಿನಲ್ಲೇ ಉಳಿದಿತ್ತು.

ಆ ಕ್ರಿಸ್‌ಮಸ್‌ಗೂ ತಟ್ಟೆ ಬಂತು. ಬಟ್ಟೆ ತೆಗೆದರೆ ಒಂದಷ್ಟು ಗುಳಿಯೊ, ಒಂದಷ್ಟು ತುಕ್ಡಿ, ಅಷ್ಟೇ. ನನಗೆ ಆಗ ಒಂಬತ್ತು ವರ್ಷ. "ಕಿಡಿಯೊ ಇಲ್ವಾ?" ಎಂದು ಕೇಳಿಯೇಬಿಟ್ಟೆ. ಅಮ್ಮ ಹಿಂದಿನಿಂದ ಚಿವುಟಿದಳು. ಬಾಯಮ್ಮ ನಕ್ಕು, "ಅದು ಕುವೈತಿನಲ್ಲೇ ಉಳಿಯಿತು ಮಗಾ" ಎಂದರು. ಅಮ್ಮನೂ ನಕ್ಕಳು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಅದುವರೆಗೆ ಬಾವಿಕಟ್ಟೆಯಲ್ಲಿ ಪಿಸುಪಿಸು ನಡೆಯುತ್ತಿದ್ದ ಸುದ್ದಿಯನ್ನು ಬಾಯಮ್ಮ ತಾವೇ ಹೇಳಿದ ಮೇಲೆ ಪಿಸುಗುಡಲು ಏನಿತ್ತು? ಅಮ್ಮ ಎಂದಿನಂತೆ ತಟ್ಟೆಗೆ ಸಕ್ಕರೆ ಹಾಕಿ ಕೊಟ್ಟಳು. ಅವತ್ತು ಜಾಸ್ತಿ ಹಾಕಿದಳೋ ಏನೋ, ನಾನು ನೋಡಲಿಲ್ಲ. ತುಕ್ಡಿ ಮುಕ್ಕುತ್ತಿದ್ದೆ.

ಹಾಗಾಗಿ ಮನೆಗಳನ್ನು ಕಡಿಮೆ ಮಾಡಬೇಡಿ, ಬಗೆಗಳನ್ನು ಕಡಿಮೆ ಮಾಡಿ. 22 ಮನೆಯಲ್ಲಿ ಯಾರನ್ನು ಬಿಡುವುದು ಎಂದು ಕೂತರೆ ಅದೇ ಒಂದು ತಲೆನೋವು, ಬಿಟ್ಟುಹೋದವರಿಗೆ ಜೀವಮಾನವಿಡೀ ನೆನಪಿರುತ್ತದೆ. ಮೂರು ಬಗೆ ಸಾಕು. ಗುಳಿಯೊಗೆ ಅಕ್ಕಿ ಹಿಟ್ಟು, ತೆಂಗಿನ ಹಾಲು. ತುಕ್ಡಿಗೆ ಮೈದಾ, ಸಕ್ಕರೆ. ಕಿಡಿಯೊಗೂ ಹೆಚ್ಚುಕಡಿಮೆ ಅದೇ, ಜೊತೆಗೆ ಮೇಲೆ ಗೆರೆ ಮೂಡಿಸಲು ಒಂದು ಹೊಸ ಬಾಚಣಿಗೆ ಮತ್ತು ಪುರುಸೊತ್ತಿರುವ ಕೈಗಳು. ಈ ವರ್ಷ ನಿಮ್ಮ ಮನೆಯಲ್ಲಿ ಪುರುಸೊತ್ತಿರುವ ಎರಡು ಕೈ ಜಾಸ್ತಿ ಇವೆ, ಅಲ್ವಾ? ಖರ್ಚು ಏರುವುದು ಗೋಡಂಬಿ, ಒಣಹಣ್ಣು, ಬೇಕರಿ ಕೇಕು ಮತ್ತು ಕಿಲೋ ಲೆಕ್ಕದಲ್ಲಿ ಕೊಂಡು ತರುವ ರೆಡಿಮೇಡ್ ಕುಸ್ವಾರಿನಿಂದ. ಅವನ್ನು ಈ ಸಲ ಬಿಡಿ. ನನ್ನಂಥ ತಿನ್ನುವವರಿಗೆ ರೆಡಿಮೇಡ್ ಯಾವುದು, ಮನೆಯದು ಯಾವುದು ಎಂದು ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ಹೇಳುವುದಿಲ್ಲ ಅಷ್ಟೇ.

ಅತ್ತೆಯ ಬಳೆ ಬೇಡವೇ ಬೇಡ. ಅವರ ಮನಸ್ಸು ದೊಡ್ಡದು, ಅದನ್ನು ಅವರಿಗೆ ಹೇಳಿ. ಆದರೆ ಜೂನ್‌ನಲ್ಲಿ ಶಾಲೆಯ ಫೀಸ್ ಬರುತ್ತದೆ, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಬಹುದು. ಬಳೆ ಅದಕ್ಕಿರಲಿ. ಕ್ರೆಡಿಟ್ ಕಾರ್ಡ್ ಉಜ್ಜುವ ಯೋಚನೆ ಇದ್ದರೆ ಅದೂ ಬೇಡ. ಬಾಕಿ ಉಳಿಸಿಕೊಂಡರೆ ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೇ ಶೇಕಡ 3ರ ಮೇಲೆ ಬಡ್ಡಿ.

ಕಂಪನಿಯ ಲೆಕ್ಕದ ಬಗ್ಗೆ ಒಂದು ಮಾತು. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ಕರಾರು ಮುಗಿದ 14 ದಿನದೊಳಗೆ ಬಾಕಿ ಎಲ್ಲ ಕೊಡಬೇಕು. ಗ್ರಾಚುಟಿ ಮೊದಲ 5 ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನ, ನಂತರದ ಪ್ರತಿ ವರ್ಷಕ್ಕೆ 30 ದಿನದ್ದು. 11 ವರ್ಷ ಪೂರ್ತಿಯಾಗಿದ್ದರೆ 285 ದಿನದ ಮೂಲ ವೇತನ. ಸಣ್ಣ ಮೊತ್ತವಲ್ಲ. ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಲು ದಾರಿಯಿದೆ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಆದರೆ ಆ ದುಡ್ಡು ಬಂತು ಎಂದುಕೊಂಡು ಈಗ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮಕ್ಕಳಿಗೆ ಇವತ್ತೇ ಹೇಳಿ. ಗಲ್ಫಿನ ರಜೆ 30 ದಿನ ಎಂದು ಕರಾವಳಿಯ ಮಕ್ಕಳಿಗೆ ಎಬಿಸಿಡಿಗಿಂತ ಮೊದಲು ಗೊತ್ತಿರುತ್ತದೆ. ನಿಮ್ಮ ಎಂಟನೇ ಕ್ಲಾಸಿನ ಮಗುವಿಗೆ ಅಕ್ಟೋಬರಿನಲ್ಲೇ ಅಂದಾಜಾಗಿದೆ. ನಿಮಗೆ ಬೇಜಾರಾಗಬಾರದು ಎಂದು ಅದೂ ನಾಟಕ ಮಾಡುತ್ತಿದೆ.

ಇನ್ನು ನಿಮ್ಮವರು. ಅವರು ಹೆದರುವುದು ಪೂಜೆಗಲ್ಲ, ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಕೇಳುವ ಎರಡು ಪ್ರಶ್ನೆಗೆ. "ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು?" ನಮ್ಮೂರಲ್ಲಿ ಇದು ನಮಸ್ಕಾರ ಇದ್ದ ಹಾಗೆ ಮಾರಾಯ್ರೆ, ಕೇಳುವವರಿಗೆ ಉತ್ತರವೂ ಬೇಕಿಲ್ಲ. ಆದರೂ ಕೆಲಸ ಹೋದವರಿಗೆ ಅದು ಚುಚ್ಚುತ್ತದೆ, ನಿಜ. ಅವರಿಗೆ ಬಾಯಮ್ಮನ ಕಥೆ ಹೇಳಿ. ಕೇಳಿದವರಿಗೆ ಅವರೂ ತಾವೇ ಹೇಳಿಬಿಡಲಿ: "ಕೆಲಸ ಹೋಯಿತು, ಹುಡುಕುತ್ತಿದ್ದೇನೆ, ನಿಮಗೇನಾದರೂ ಗೊತ್ತಿದ್ದರೆ ಹೇಳಿ." ಮೊದಲ ವ್ಯಕ್ತಿಗೆ ಹೇಳುವಾಗ ಗಂಟಲು ಕಟ್ಟುತ್ತದೆ. ನಾಲ್ಕನೆಯವರಿಗೆ ಹೇಳುವ ಹೊತ್ತಿಗೆ ಸುಲಭ. ಐದನೆಯವರ ಭಾವನೋ ಅಳಿಯನೋ ಎಲ್ಲೋ ಒಂದು ಕಡೆ ಆಳು ಬೇಕು ಎಂದಿರುತ್ತಾನೆ. ಮನೆಯೊಳಗೆ ಕೂತರೆ ಆ ಐದನೆಯವರು ಸಿಗುವುದಿಲ್ಲ.

ನಾನು ಬೈಬಲ್ ಪಂಡಿತನಲ್ಲ. ಆದರೆ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದ ಪಾದ್ರಿಯೊಬ್ಬರು ಒಂದು ಸಾಲು ತೋರಿಸಿದ್ದರು. ಹೆರಿಗೆಯಾದ ಮೇಲೆ ದೇವಾಲಯಕ್ಕೆ ಒಂದು ಕುರಿಮರಿ ಕೊಡಬೇಕೆಂದು ಮೋಶೆಯ ನಿಯಮ. ಕುರಿಮರಿಗೆ ಗತಿಯಿಲ್ಲದವರು ಎರಡು ಹಕ್ಕಿ ಕೊಟ್ಟರೂ ಆಗುತ್ತದೆ. ಯೇಸುವಿನ ತಂದೆತಾಯಿ ಜೆರುಸಲೇಮಿಗೆ ಹೋದದ್ದನ್ನು ಬರೆಯುವಾಗ ಸುವಾರ್ತೆಕಾರ ಲೂಕ ಕುರಿಮರಿಯ ಸುದ್ದಿಯನ್ನೇ ಎತ್ತುವುದಿಲ್ಲ. ಹಕ್ಕಿಗಳನ್ನು ಮಾತ್ರ ಹೇಳುತ್ತಾನೆ. ಜೋಸೆಫರು ಮನೆಯಲ್ಲಿ ಕೂರಲಿಲ್ಲ, ಬಡವರ ಪಾಲಿನ ಕಾಣಿಕೆ ಹಿಡಿದುಕೊಂಡೇ ಎಲ್ಲರೆದುರು ದೇವಾಲಯಕ್ಕೆ ಹೋದರು. ಇದನ್ನು ನಿಮ್ಮವರಿಗೆ ನೀವೇ ಹೇಳಿ, ನಾನು ಹೇಳಿದರೆ ಉಪದೇಶದ ಹಾಗಾಗುತ್ತದೆ.

ಕೊನೆಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಅಂಗಡಿಯ ಸೆಟ್ಟು, ಬಣ್ಣ ಬದಲಿಸುವ ಬಲ್ಬು ಬೇಡ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಕಟ್ಟಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ನಿಮ್ಮ ಮನೆಯ ಹಳೆಯ ಬೊಂಬೆಗಳು ಅಟ್ಟದಲ್ಲಿ ಇರಬೇಕು, ಕುರಿಯ ಕಾಲು ಮುರಿದಿದ್ದರೆ ಹುಲ್ಲಲ್ಲಿ ಮಲಗಿಸಿ. ಬಿದಿರಿನ ಸೀಳಿಗೆ ಗಾಳಿಪಟದ ಕಾಗದ ಅಂಟಿಸಿ ನಕ್ಷತ್ರ ಮಾಡುವುದು ನಿಮ್ಮವರಿಗೆ ಮರೆತಿರಲಿಕ್ಕಿಲ್ಲ. ಈ ಸಂಚಿಕೆ ನಿಮಗೆ ಸಿಗುವಾಗ ಹಬ್ಬಕ್ಕೆ ಎರಡು ವಾರ ಇರುತ್ತದೆ. ಗೋದಲಿಯ ಮುಂದೆ ಹಸಿರು ಬೇಕಾದರೆ ಅವತ್ತೇ ರಾತ್ರಿ ಚಿಕ್ಕವನ ಕೈಯಲ್ಲಿ ಎರಡು ಮುಷ್ಟಿ ಭತ್ತ ನೆನೆಹಾಕಿಸಿ. ತಡಮಾಡಿದರೆ ಗದ್ದೆ ಎದ್ದೇಳುವುದಿಲ್ಲ.

ನಿಮ್ಮ
ಸಂಪಾದಕ