ಕಲ್ಚರ್ ವರದಿಯ ‘ಆರ್’ ಯಾರ ಗುಣ?

ಪ್ರಶ್ನೆ: ತಂದೆಯವರ ಮೂತ್ರದ ಕಲ್ಚರ್ ವರದಿ ಬರಲು ಮೂರು ದಿನ ಹಿಡಿಯಿತು. ರಕ್ತದ ಸಕ್ಕರೆಯ ಪ್ರಮಾಣ ಕೂಡಲೇ ತಿಳಿಯುವಾಗ ಇದಕ್ಕೇಕೆ ಇಷ್ಟು ಹೊತ್ತು? ಔಷಧಗಳ ಮುಂದೆ ಬರೆದ ‘ಎಸ್’, ‘ಆರ್’ ಏನನ್ನು ಹೇಳುತ್ತವೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಸಕ್ಕರೆಯನ್ನು ಯಂತ್ರ ಅಳೆಯುತ್ತದೆ, ಬ್ಯಾಕ್ಟೀರಿಯಾವನ್ನು ಬೆಳೆಸಿಯೇ ನೋಡಬೇಕು. ಮೊದಲ ದಿನ ಮಾದರಿಯನ್ನು ಸಣ್ಣ ಕುಣಿಕೆಯಿಂದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್ಲಿ) ತಟ್ಟೆಯ ಮೇಲೆ ಎಳೆದು ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಮರುದಿನ ಮ್ಯಾಕಾಂಕಿ ಅಗರ್ ಮೇಲೆ ಗುಲಾಬಿ ಬಣ್ಣದ, ಚಪ್ಪಟೆಯಾದ, ಒಣಗಿದಂತಿರುವ ಕಾಲೊನಿಗಳು (ಬ್ಯಾಕ್ಟೀರಿಯಾ ಬೆಳೆದ ಗುಂಪುಗಳು) ಕಂಡರೆ ಇ. ಕೋಲೈ ಇರಬಹುದೆಂದೂ, ಗುಲಾಬಿಯವೇ ಉಬ್ಬಿ ಲೋಳೆಲೋಳೆಯಾಗಿದ್ದರೆ ಕ್ಲೆಬ್ಸಿಯೆಲ್ಲಾ ಇರಬಹುದೆಂದೂ ಊಹಿಸಿ, ಜೀವರಾಸಾಯನಿಕ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳುತ್ತೇವೆ. ಮಾಲ್ಡಿ-ಟಾಫ್ ಯಂತ್ರವಿರುವ ಕಡೆ, ಕಾಲೊನಿ ಬೆಳೆದ ಮೇಲೆ ಅದರ ಹೆಸರು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಆದರೆ ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ.

ಅದಕ್ಕಾಗಿ ಬ್ಯಾಕ್ಟೀರಿಯಾವನ್ನು ಲವಣದ ನೀರಿನಲ್ಲಿ ನಿಗದಿತ ಮಬ್ಬು ಬರುವಷ್ಟು ಕದಡಿ, 4 ಮಿಲಿಮೀಟರ್ ದಪ್ಪದ ಮುಲ್ಲರ್-ಹಿಂಟನ್ ಅಗರ್ ಮೇಲೆ ಸಮನಾಗಿ ಸವರಿ, ಔಷಧ ಹೀರಿಸಿದ ಕಾಗದದ ಬಿಲ್ಲೆಗಳನ್ನು ಇಟ್ಟು, 16ರಿಂದ 18 ಗಂಟೆ ಕಾಯುತ್ತೇವೆ. ಬಾವರ್, ಕರ್ಬಿ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಔಷಧ ಫಲಿಸಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಮೂಡುತ್ತದೆ. ಅದರ ಅಗಲವನ್ನು ಅಳೆದು ಔಷಧಕ್ಕೆ ಮಣಿಯುವಂಥದ್ದಾದರೆ ‘ಎಸ್’, ಮಣಿಯದಿದ್ದರೆ ‘ಆರ್’ ಎಂದು ಬರೆಯುತ್ತೇವೆ. ದೊಡ್ಡ ವೃತ್ತದ ಔಷಧವೇ ಮೇಲು ಎಂದು ಭಾವಿಸಬಾರದು, ಏಕೆಂದರೆ ಪ್ರತಿಯೊಂದು ಔಷಧವೂ ಅಗರ್‌ನಲ್ಲಿ ತನ್ನದೇ ವೇಗದಲ್ಲಿ ಹರಡುತ್ತದೆ ಮತ್ತು ಪ್ರತಿಯೊಂದಕ್ಕೂ ಬೇರೆಯದೇ ಅಳತೆಯ ಗಡಿ ಇದೆ. ತಿಳಿಯಾದ ವೃತ್ತದೊಳಗೆ ಎರಡೋ ಮೂರೋ ಪುಟ್ಟ ಕಾಲೊನಿಗಳು ಕಂಡರೆ ಅವನ್ನು ನಾವು ಕಡೆಗಣಿಸುವುದಿಲ್ಲ. ಔಷಧವನ್ನು ತಡೆದುಕೊಂಡ ಗುಂಪು ಅದೇ ಆಗಿರಬಹುದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸಾಧ್ಯವಾದಾಗಲೆಲ್ಲ ಮಾದರಿಯನ್ನು ಆ್ಯಂಟಿಬಯೋಟಿಕ್‌ನ ಮೊದಲ ಗುಳಿಗೆಗಿಂತ ಮುಂಚೆಯೇ ಕೊಡಬೇಕು. ಅನಂತರ ಕೊಟ್ಟ ಮಾದರಿಯಲ್ಲಿ ಸೋಂಕು ಇದ್ದೂ ತಟ್ಟೆ ಖಾಲಿ ಉಳಿಯಬಹುದು.

ಪ್ರಶ್ನೆ: ಪದೇ ಪದೇ ಔಷಧ ತೆಗೆದುಕೊಂಡು ನನ್ನ ದೇಹಕ್ಕೆ ಅದು ಒಗ್ಗಿಹೋಗಿದೆಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಒಗ್ಗಿದ್ದು ದೇಹಕ್ಕಲ್ಲ, ವರದಿಯ ‘ಆರ್’ ಸೂಚಿಸುವ ಪ್ರತಿರೋಧವು ಬ್ಯಾಕ್ಟೀರಿಯಾದ ಗುಣ. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಒಂದು ತಟ್ಟೆಯ ಕಾಲೊನಿಗಳಿಗೆ ಮಖಮಲ್ ಬಟ್ಟೆಯನ್ನು ಒತ್ತಿ, ಅದೇ ಅಚ್ಚನ್ನು ಔಷಧವಿದ್ದ ತಟ್ಟೆಗೆ ಇಳಿಸಿ, ಔಷಧವನ್ನು ಎಂದೂ ಕಾಣದ ಬ್ಯಾಕ್ಟೀರಿಯಾಗಳ ನಡುವೆಯೂ ಪ್ರತಿರೋಧವುಳ್ಳವು ಮೊದಲೇ ಇರುತ್ತವೆ ಎಂದು ತೋರಿಸಿದರು. ಔಷಧವು ಉಳಿದವನ್ನು ಅಳಿಸಿ ಅವಕ್ಕೆ ಜಾಗ ಬಿಟ್ಟುಕೊಡುತ್ತದೆ. ಆದ್ದರಿಂದ ಅನಗತ್ಯವಾಗಿ ನುಂಗಿದ ಒಂದೊಂದು ಗುಳಿಗೆಯೂ ಅವುಗಳಿಗೇ ಅನುಕೂಲ.

ಪ್ರಶ್ನೆ: ಎನ್‌ಡಿಎಂ-1ರಲ್ಲಿ ದೆಹಲಿಯ ಹೆಸರೇಕೆ? ಅದನ್ನು ಪತ್ತೆಹಚ್ಚುವುದು ಹೇಗೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎನ್‌ಡಿಎಂ-1 ಎಂದರೆ ‘ನ್ಯೂಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್-1’, ಆ್ಯಂಟಿಬಯೋಟಿಕ್‌ಗಳನ್ನು ಒಡೆಯುವ, ಬ್ಯಾಕ್ಟೀರಿಯಾದ ಒಂದು ಕಿಣ್ವ. ನವದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ ಇದು 2008ರಲ್ಲಿ ಮೊದಲು ಕಂಡುಬಂದಿದ್ದರಿಂದ ಆ ಹೆಸರು ಬಂತು. ಭಾರತದಲ್ಲಿ ಇದಕ್ಕೆ ತೀವ್ರ ಆಕ್ಷೇಪ ವ್ಯಕ್ತವಾಯಿತು. ಒಂದು ಊರಿಗೆ ಹೀಗೆ ಕಳಂಕ ಹಚ್ಚಬಾರದಿತ್ತೆಂಬುದೇ ನನ್ನ ಅಭಿಪ್ರಾಯ. ಹಾಗೆಂದು ಕಿಣ್ವದ ಅಪಾಯವೇನೂ ಕಡಿಮೆಯಾಗುವುದಿಲ್ಲ: ಅದು ಮೆರೊಪೆನೆಮ್‌ನಂಥ ಪ್ರಬಲ ಔಷಧವನ್ನೂ ಒಡೆಯುತ್ತದೆ, ಮತ್ತು ಅದರ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಪ್ರತ್ಯೇಕ ಡಿಎನ್‌ಎ ಉಂಗುರ) ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲುದು.

ಈ ಕಿಣ್ವ ಕೆಲಸ ಮಾಡಲು ಸತು ಬೇಕು, ಅದನ್ನು ಹಿಡಿಯುವ ದಾರಿಯೂ ಅಲ್ಲೇ ಇದೆ. ಸತುವನ್ನು ಸೆಳೆದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಬೆರೆಸಿದ ಮೆರೊಪೆನೆಮ್ ಬಿಲ್ಲೆಯ ಸುತ್ತಲಿನ ವೃತ್ತವು ಬರಿಯ ಮೆರೊಪೆನೆಮ್ ಬಿಲ್ಲೆಯದಕ್ಕಿಂತ ಸ್ಪಷ್ಟವಾಗಿ ಅಗಲವಾದರೆ ಈ ಬಗೆಯ ಕಿಣ್ವವಿದೆ ಎಂದು ಶಂಕಿಸಿ, ಜೀನಿನ ಪ್ರತಿಗಳನ್ನು ಹೆಚ್ಚಿಸಿ ಪತ್ತೆಹಚ್ಚುವ ಪರೀಕ್ಷೆಯಾದ ಪಿಸಿಆರ್‌ನಿಂದ ಜೀನನ್ನು ಖಚಿತಪಡಿಸಿಕೊಳ್ಳಬೇಕು. ಆದರೆ ಪಿಸಿಆರ್ ನಾವು ಹುಡುಕಿದ ಜೀನನ್ನಷ್ಟೇ ತೋರಿಸುತ್ತದೆ. ನಾವು ಹುಡುಕದೆ ಬಿಟ್ಟ ಜೀನಿನಿಂದ ಬಂದ ಪ್ರತಿರೋಧವು ತಟ್ಟೆಯ ಮೇಲೆ ಮಾತ್ರ ಕಾಣುವುದರಿಂದ, ಆ ಮೂರು ದಿನದ ಕೆಲಸವನ್ನು ನಾವು ಇನ್ನೂ ಬಿಟ್ಟಿಲ್ಲ.