ಕಿತ್ತ ದವಡೆ ಹಲ್ಲಿನ ಜಾಗವನ್ನು ಖಾಲಿ ಬಿಡಬಹುದೇ?

ಪ್ರಶ್ನೆ: ನನಗೆ 54 ವರ್ಷ. ಕೆಳದವಡೆಯ ಎಡಭಾಗದ ದೊಡ್ಡ ಹಲ್ಲು ಹುಳುಕಾಗಿ ಮೂರು ವರ್ಷದ ಹಿಂದೆ ಕೀಳಿಸಿಕೊಂಡೆ. ಹೊರಗೆ ಕಾಣದ ಹಲ್ಲಲ್ಲವೇ ಎಂದು ಹಾಗೆಯೇ ಬಿಟ್ಟಿದ್ದೆ. ಈಗ ಹಿಂದಿನ ಹಲ್ಲು ಮುಂದಕ್ಕೆ ವಾಲಿದೆ, ಸೊಪ್ಪಿನ ನಾರು ಸಿಕ್ಕಿಕೊಂಡು ವಸಡು ನೋಯುತ್ತದೆ. ಒಬ್ಬ ವೈದ್ಯರು ಬ್ರಿಡ್ಜ್ ಸಾಕೆಂದರು, ಇನ್ನೊಬ್ಬರು ಇಂಪ್ಲಾಂಟ್ ಮಾಡಿಸಿ ಎಂದರು. ನನಗೆ ಸಕ್ಕರೆ ಕಾಯಿಲೆಯೂ ಇದೆ. ಯಾವುದು ಸರಿ?

ಉತ್ತರ: ನೀವು ಕಳೆದುಕೊಂಡಿರುವುದು ಬಹುಶಃ ಮೊದಲ ಕಾಯಂ ದವಡೆ ಹಲ್ಲು. ಆರನೇ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ಇದನ್ನು ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುವ ಮನೆಗಳು ಬಹಳ. ಆದರೆ ಅಗಿಯುವ ಕೆಲಸದ ದೊಡ್ಡ ಪಾಲು ಇದರದ್ದೇ.

ಹಲ್ಲುಗಳು ಗೋಡೆಗೆ ಹೊಡೆದ ಮೊಳೆಯಂತೆ ಅಲುಗಾಡದೆ ನಿಂತಿರುವುದಿಲ್ಲ. ಅಕ್ಕಪಕ್ಕದ ಹಲ್ಲಿನ ಆಸರೆ ಮತ್ತು ಎದುರಿನ ಹಲ್ಲಿನ ಒತ್ತಡ ಇರುವವರೆಗೆ ಮಾತ್ರ ತಮ್ಮ ಜಾಗದಲ್ಲಿರುತ್ತವೆ. ಆಸರೆ ತಪ್ಪಿದಾಗ ಹಿಂದಿನ ಹಲ್ಲು ಖಾಲಿ ಜಾಗದತ್ತ ವಾಲುತ್ತದೆ, ಮೇಲಿನದು ಕೆಳಕ್ಕೆ ಇಳಿಯುತ್ತದೆ. ಕನ್ನಡಿಯ ಮುಂದೆ ಹಲ್ಲು ಕಚ್ಚಿ, ಎಡಗೆನ್ನೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ: ಖಾಲಿ ಜಾಗದ ನೇರಕ್ಕಿರುವ ಮೇಲಿನ ಹಲ್ಲು ಪಕ್ಕದವುಗಳಿಗಿಂತ ಕೆಳಗೆ ಬಂದಿದ್ದರೆ, ಯಾವ ಚಿಕಿತ್ಸೆ ಆರಿಸಿಕೊಂಡರೂ ಮೊದಲು ಅದನ್ನು ಸರಿಪಡಿಸಬೇಕಾಗುತ್ತದೆ, ಏಕೆಂದರೆ ಹೊಸ ಹಲ್ಲಿಗೆ ಎತ್ತರವೇ ಸಿಗುವುದಿಲ್ಲ. ಮೂಳೆಯೂ ಸುಮ್ಮನಿರುವುದಿಲ್ಲ, ಹಲ್ಲು ಕಿತ್ತ ಮೊದಲ ವರ್ಷದಲ್ಲೇ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಅದರ ಅಗಲ ಅರ್ಧದಷ್ಟು ಕರಗಬಹುದು. ನೋವಿಲ್ಲದೆ ನಡೆಯುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ ಎಂಬುದೇ ನನ್ನ ಕಳವಳ.

ಬ್ರಿಡ್ಜ್ ಎಂದರೆ ಎರಡೂ ಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ, ಅವುಗಳ ಆಸರೆಯಲ್ಲಿ ನಡುವೆ ಕೃತಕ ಹಲ್ಲನ್ನು ಕೂರಿಸುವುದು. ಅದು ಒಂದೆರಡು ವಾರಗಳಲ್ಲಿ ಮುಗಿಯುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಅದಕ್ಕಾಗಿ ಎರಡೂ ಪಕ್ಕದ ಹಲ್ಲುಗಳನ್ನು ಸುತ್ತಲೂ ಅರೆಯಬೇಕು, ಅರೆದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ. ನಿಮ್ಮ ಹಿಂದಿನ ಹಲ್ಲು ವಾಲಿರುವುದರಿಂದ ಎರಡು ಹಲ್ಲುಗಳನ್ನು ಒಂದೇ ನೇರಕ್ಕೆ ತರಲು ಹೆಚ್ಚು ಅರೆಯಬೇಕಾಗಬಹುದು. ಆಗ ಒಳಗಿನ ನರಕ್ಕೆ ಪೆಟ್ಟಾಗಿ ರೂಟ್ ಕೆನಾಲ್ ಮಾಡಿಸುವ ಪ್ರಸಂಗವೂ ಬರಬಹುದು. ಆ ಹಲ್ಲುಗಳಿಗೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಆಗಿ ಕ್ಯಾಪ್ ಹಾಕಲೇಬೇಕಾಗಿದ್ದರೆ ಬ್ರಿಡ್ಜ್ ಸರಿಯಾದ ಆಯ್ಕೆ. ಅವು ಗಟ್ಟಿಯಾಗಿದ್ದರೆ, ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲುಗಳನ್ನು ಅರೆಯುವುದು ನನಗೆ ಒಪ್ಪಿಗೆಯಿಲ್ಲ.

ಅಂಥ ಸಂದರ್ಭದಲ್ಲಿ ಇಂಪ್ಲಾಂಟ್, ಅಂದರೆ ದವಡೆ ಮೂಳೆಯೊಳಗೆ ಲೋಹದ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು, ಉತ್ತಮ. ಟೈಟಾನಿಯಂ ಲೋಹದೊಂದಿಗೆ ಮೂಳೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಇಂದಿಗೂ ಚಿಕಿತ್ಸೆ ನಿಂತಿರುವುದು ಆ ಬೆಸುಗೆಯ ಮೇಲೆಯೇ. ಆದ್ದರಿಂದ ಕೆಳದವಡೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾದು ಅನಂತರ ಕ್ಯಾಪ್ ಕೂರಿಸುತ್ತಾರೆ. ಮೂರು ವರ್ಷ ಕಳೆದಿರುವುದರಿಂದ ಮೂಳೆ ಎಷ್ಟು ಉಳಿದಿದೆ, ಕೆಳಗಿನ ನರ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಎಂಬ ಎಕ್ಸ್‌-ರೇ ಸ್ಕ್ಯಾನ್ ಬೇಕಾಗುತ್ತದೆ.

ಸಕ್ಕರೆ ಕಾಯಿಲೆ ಇದೆಯೆಂಬ ಒಂದೇ ಕಾರಣಕ್ಕೆ ಇಂಪ್ಲಾಂಟ್ ಕೈಬಿಡಬೇಕಾಗಿಲ್ಲ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ರಕ್ತಪರೀಕ್ಷೆ) ಶೇ 7ರ ಆಸುಪಾಸಿನಲ್ಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. 8ಕ್ಕಿಂತ ಮೇಲಿದ್ದರೆ ಹತೋಟಿಗೆ ಬರುವವರೆಗೆ ನಾನು ಮುಂದೂಡುತ್ತೇನೆ, ಏಕೆಂದರೆ ಗಾಯ ಮಾಯುವುದು ತಡವಾಗುತ್ತದೆ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಿ. ತಂಬಾಕಿನ ಅಭ್ಯಾಸವಿದ್ದರೆ ಮೊದಲು ಬಿಡಬೇಕು. ಇಂಪ್ಲಾಂಟ್‌ಗೆ ಹುಳುಕು ಹಿಡಿಯದಿದ್ದರೂ ಸುತ್ತಲಿನ ವಸಡು ಸೋಂಕಿಗೆ ತುತ್ತಾಗಬಹುದು, ಆದ್ದರಿಂದ ಹಾಕಿಸಿಕೊಂಡ ಮೇಲೂ ಆರು ತಿಂಗಳಿಗೊಮ್ಮೆ ತೋರಿಸಬೇಕು.

ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಒಂಟಿ ಕೃತಕ ಹಲ್ಲು ಅಗ್ಗವೇನೋ ಹೌದು, ಆದರೆ ಅಷ್ಟು ಚಿಕ್ಕ ತುಂಡು ಜಾರಿ ಗಂಟಲಿಗೆ ಹೋಗುವ ಅಪಾಯವಿರುವುದರಿಂದ ನಿಮಗೆ ಅದನ್ನು ಹೇಳಲಾರೆ. ಹಣದ ಅಡಚಣೆಯಿದ್ದರೆ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ವಿಚಾರಿಸಿ, ಅಲ್ಲಿ ವೆಚ್ಚ ಬಹುಮಟ್ಟಿಗೆ ಕಡಿಮೆ ಇರುತ್ತದೆ.

ನಿರ್ಧಾರವಾಗುವವರೆಗೆ ನಾರು ಸಿಕ್ಕುವ ಸಂದಿಯನ್ನು ಪಿನ್ನಿನಿಂದ, ಕಡ್ಡಿಯಿಂದ ಕೆದಕಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಹಲ್ಲುಸಂದಿಯ ಸಣ್ಣ ಬ್ರಷ್‌ನಿಂದ ರಾತ್ರಿ ಊಟವಾದ ಮೇಲೆ ಶುಚಿ ಮಾಡಿಕೊಳ್ಳಿ. ವಸಡಿನಲ್ಲಿ ಕೀವು ಅಥವಾ ಬಾವು ಕಂಡರೆ ಚಿಕಿತ್ಸೆ ಆರಿಸುವವರೆಗೆ ಕಾಯದೆ ಕೂಡಲೇ ತೋರಿಸಿ.