ಬೀಗದ ಕೈ ಒಪ್ಪಿಸಿದ ಮೇಲೂ ಮುಗಿಯದ ಕೆಲಸ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರಿಗೆ 47 ವರ್ಷ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ 19 ವರ್ಷಗಳಿಂದ ಗ್ರಂಥಪಾಲಕಿ. ಮಕ್ಕಳು ಅವರನ್ನು ‘ಲೈಬ್ರರಿ ಮಿಸ್’ ಎಂದು ಕರೆಯುತ್ತಾರೆ. ಇಲ್ಲಿಯೂ ಅದೇ ಹೆಸರಿರಲಿ. ಬೇಸಿಗೆ ರಜೆ ಆರಂಭವಾದ ಒಂಬತ್ತನೆಯ ದಿನ ಅವರು ನನ್ನ ಬಳಿ ಬಂದರು. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಎದೆ ಬಡಿದುಕೊಳ್ಳುತ್ತಿತ್ತು. ಕತ್ತಲೆಯಲ್ಲೇ ಮನಸ್ಸು ಕಪಾಟಿನಿಂದ ಕಪಾಟಿಗೆ ನಡೆದು, 894.814 ಎಂಬ ವರ್ಗೀಕರಣ ಸಂಖ್ಯೆಯ ಕನ್ನಡ ಸಾಹಿತ್ಯದ ಸಾಲಿನ ಮುಂದೆ ನಿಂತುಬಿಡುತ್ತಿತ್ತು. “ದುಡಿಯುವಾಗ ಇಲ್ಲದ ಆಯಾಸ ರಜೆ ಸಿಕ್ಕ ಮೇಲೆ ಏಕೆ ಬರುತ್ತದೆ ಮೇಡಂ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಹಿಂದಿನ ಎರಡು ವಾರಗಳ ಸ್ಥಿತಿಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯಲ್ಲಿ ತೀವ್ರ ಖಿನ್ನತೆಯ ಸೂಚನೆ ಕಾಣಲಿಲ್ಲ. ಆದರೂ ಅವರ ವಯಸ್ಸನ್ನು ಗಮನಿಸಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು, ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳ ಬಗ್ಗೆ ವೈದ್ಯರೊಂದಿಗೆ ಮಾತನಾಡಲು ಹೇಳಿದೆ. ನಿದ್ರೆಗೇಡನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ವರದಿಗಳಲ್ಲಿ ದೋಷವಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಿಜವಾದ ವಿಷಯ ಹೊರಬಂತು. ಮಾರ್ಚ್ ಕೊನೆಯಲ್ಲಿ ಪುಸ್ತಕಗಳನ್ನು ತಾಳೆ ನೋಡಿದಾಗ ಹನ್ನೊಂದು ಪುಸ್ತಕಗಳು ಸಿಕ್ಕಿರಲಿಲ್ಲ. ಯಾರಿಗೂ ಹೇಳದೆ ಅವರು ಆಕ್ಸೆಷನ್ ರಿಜಿಸ್ಟರನ್ನು, ಎಂದರೆ ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ಸಂಖ್ಯೆ ಕೊಟ್ಟು ದಾಖಲಿಸುವ ಪುಸ್ತಕವನ್ನು, ಮನೆಗೆ ತಂದು, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. ಪ್ರತಿ ವರ್ಷವೂ ಕಳೆದುಹೋದ ಪುಸ್ತಕಗಳನ್ನು ತಮ್ಮ ಸಂಬಳದಲ್ಲೇ ಕೊಂಡು, ಗ್ರಂಥಾಲಯದ ಗುರುತಿಗೆಂದು ಗೊತ್ತುಮಾಡಿಕೊಂಡ ಒಳಗಿನ ಗುಪ್ತ ಪುಟಕ್ಕೂ ಮೊಹರು ಹಾಕಿ, ಹಳೆಯ ಸಂಖ್ಯೆಯಲ್ಲೇ ಸೇರಿಸುತ್ತಿದ್ದರಂತೆ. ಈ ಬಾರಿ ಕೆಲವು ಪುಸ್ತಕಗಳು ಮರುಮುದ್ರಣವಾಗದೆ ಅಂಗಡಿಯಲ್ಲಿ ಸಿಗಲಿಲ್ಲ. ತಾವು ಕಳ್ಳಿಯಲ್ಲ ಎಂದು ಅವರಿಗೆ ಗೊತ್ತು. ಆದರೆ ಕಳ್ಳತನ ಮಾಡಿದವರ ಹಾಗೆ ಬದುಕುತ್ತಿದ್ದರು. ಇದನ್ನು ಹೇಳುವಾಗ ಅವರು ಬಹಳ ಹೊತ್ತು ಅತ್ತರು.

ಇಂಥ ಸಂದರ್ಭದಲ್ಲಿ ‘ಚಿಂತೆ ಬಿಡಿ’ ಎನ್ನುವುದರಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾಗಿದ್ದುದು ಒಂದು ಅಳತೆ. ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದ ಪರಿಚಿತರೊಬ್ಬರ ನೆರವಿನಿಂದ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ನೋಡಿದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ 1000 ಸಂಪುಟಗಳಲ್ಲಿ 5 ಕಳೆದುಹೋದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಭಾವಿಸಬಹುದೆಂದು 215ನೆಯ ನಿಯಮ ಹೇಳುತ್ತದೆ. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕವಾದರೆ ವಿಚಾರಣೆ ನಡೆಯಲೇಬೇಕು. ಈ ನಿಯಮ ಅವರ ಶಾಲೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆ ವರ್ಷ ಅವರು ಎರವಲು ಕೊಟ್ಟಿದ್ದು ಸುಮಾರು 3,400 ಪುಸ್ತಕಗಳನ್ನು. ಆ ಲೆಕ್ಕದಲ್ಲಿ ಹದಿನೇಳರವರೆಗಿನ ನಷ್ಟವೂ ಸಹಜವೇ. ಮಕ್ಕಳ ಕೈಗೆ ಪುಸ್ತಕ ಕೊಡುವ ಗ್ರಂಥಾಲಯದಲ್ಲಿ ಪುಸ್ತಕ ಕಳೆಯುತ್ತದೆ ಎಂಬುದನ್ನು ನಿಯಮ ಬರೆದವರೇ ಒಪ್ಪಿದ್ದಾರೆ ಎಂದಾಗ, ಅವರು ಆ ಹಾಳೆಯನ್ನು ಎರಡು ಬಾರಿ ಓದಿದರು.

ಕೈಯಿಂದ ಹಣ ಹಾಕುವುದನ್ನು ನಿಲ್ಲಿಸಿ, ಕಳೆದ ಪುಸ್ತಕಗಳ ಹೆಸರು, ಸಂಖ್ಯೆ, ಬೆಲೆ, ಕೊನೆಯದಾಗಿ ಯಾವ ತರಗತಿಗೆ ಹೋಗಿತ್ತು ಎಂಬುದನ್ನು ಬರೆದು ಮುಖ್ಯೋಪಾಧ್ಯಾಯರಿಗೆ ಪತ್ರ ಕೊಡುವಂತೆಯೂ, ರಿಜಿಸ್ಟರನ್ನು ಅಂದೇ ಶಾಲೆಗೆ ಹಿಂದಿರುಗಿಸುವಂತೆಯೂ ಸಲಹೆ ಕೊಟ್ಟೆ. ಉಳಿದ ಕೆಲಸಗಳಿಗೆ, ಎಂದರೆ ಹರಿದ ರಟ್ಟು ಕಟ್ಟಿಸುವುದು, ಹುಳು ಹಿಡಿದ ಕಪಾಟು ಒರೆಸುವುದು ಇಂಥವುಗಳಿಗೆ, ಒಂದೊಂದಕ್ಕೂ ದಿನಾಂಕ ಬರೆದಿಡಬೇಕಿತ್ತು. ಮುಗಿಯದ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಬರೆದರು. ಯಾವಾಗ, ಹೇಗೆ ಮಾಡುತ್ತೇನೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಮುಗಿಯುವ ಮೊದಲೇ ಆ ಕಾಟ ಇಳಿಯುವುದನ್ನು ನನ್ನ ಅನುಭವದಲ್ಲಿಯೂ ಕಂಡಿದ್ದೇನೆ.

ಮನೆಯ ವಿಷಯವೂ ಇತ್ತು. ರಜೆ ಎಂದರೆ ಸೊಸೆ ಬಿಡುವಾಗಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು. ಹಪ್ಪಳ, ಸಂಡಿಗೆ, ಊರಿನಿಂದ ಬರುವ ಮಕ್ಕಳು ಎಲ್ಲವೂ ಅವರ ಪಾಲಿಗೆ. ಅತ್ತೆಯವರೊಂದಿಗೆ ಜಗಳವಾಗದಂತೆ ಹೇಳಬೇಕಾದ ಮಾತನ್ನು ನನ್ನ ಕೋಣೆಯಲ್ಲೇ ಆಡಿ ನೋಡಿದರು: “ಅತ್ತೆ, ಸಂಡಿಗೆಗೆ ಮೂರು ದಿನ ನಾನಿರುತ್ತೇನೆ. ಬೆಳಿಗ್ಗೆ ಏಳೂವರೆವರೆಗೆ ಮಾತ್ರ ನನ್ನನ್ನು ಕರೆಯಬೇಡಿ.” ಆ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆಗೆ ಮತ್ತು ಇಪ್ಪತ್ತು ಪುಟಗಳ ಓದಿಗೆ. ತಮಗಾಗಿ ಪುಸ್ತಕ ಓದಿ ಆರು ವರ್ಷವಾಗಿದೆ, ಪುಸ್ತಕ ತೆರೆದರೆ ಕಣ್ಣು ಮೊದಲು ಮೊಹರನ್ನೇ ಹುಡುಕುತ್ತದೆ ಎಂದು ಅವರು ಹೇಳಿದ್ದು ನನ್ನನ್ನು ಬಹಳ ಕಾಡಿತು. ಅದಕ್ಕಾಗಿ ಮೊಹರಿಲ್ಲದ, ಹೊಸದಾಗಿ ಕೊಂಡ ಪುಸ್ತಕದಿಂದಲೇ ಆರಂಭಿಸಲು ಹೇಳಿದೆ. ಎರಡು ವಾರ ಕಳೆದರೂ ಮಂಕು ಇಳಿಯದಿದ್ದರೆ ಅಥವಾ ಬದುಕು ಬೇಡವೆನಿಸಿದರೆ ತಡಮಾಡದೆ ನನಗೆ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದು ಸ್ಪಷ್ಟಪಡಿಸಿದೆ.

ಪತ್ರ ಕೊಡಲು ಅವರಿಗೆ ಐದು ದಿನ ಹಿಡಿಯಿತು. ಮುಖ್ಯೋಪಾಧ್ಯಾಯರು ಓದಿ, “ಇಷ್ಟು ವರ್ಷ ಏಕೆ ಹೇಳಲಿಲ್ಲ?” ಎಂದಷ್ಟೇ ಕೇಳಿ ಸಹಿ ಮಾಡಿದರಂತೆ. ಜೂನ್ ಮೊದಲ ವಾರದ ಭೇಟಿಯ ವೇಳೆಗೆ ನಿದ್ರೆ ಐದೂವರೆಯವರೆಗೆ ಬರುತ್ತಿತ್ತು. ಹತ್ತನೆಯ ತರಗತಿ ಮುಗಿಸಿದ್ದ ಹುಡುಗನೊಬ್ಬ ಎರಡು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟು ಓಡಿಹೋಗಿದ್ದ. ಮುಂದಿನ ವರ್ಷ ಫೆಬ್ರವರಿಯಲ್ಲೇ ಎರವಲು ನಿಲ್ಲಿಸುವ ದಿನಾಂಕವನ್ನು ಬರೆದುಕೊಂಡಿದ್ದಾರೆ. ಭಾನುವಾರ ಸಂಜೆಯ ತಳಮಳ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ ಸೆಪ್ಟೆಂಬರಿನಲ್ಲಿ ಮತ್ತೆ ಭೇಟಿಯಾಗಲಿದ್ದೇವೆ.